ನೆಟ್‌ಲೋಗೋ: ಹೂವು-ಪತಂಗದ ಪೈಪೋಟಿಗೆ ಒಳ್ಳೆ ಅಖಾಡ, ಆದರೆ ನಿಧಾನ

ಹೂವು ಮತ್ತು ಅದರ ಪರಾಗ ಒಯ್ಯುವ ಕೀಟ ಒಂದನ್ನೊಂದು ಹೇಗೆ ಬದಲಾಯಿಸುತ್ತವೆ ಅಂತ ಲೆಕ್ಕದ ಮಾದರಿ ಕಟ್ಟಿ ನೋಡೋಕೆ ಹಲವು ವರ್ಷಗಳಿಂದ ನೆಟ್‌ಲೋಗೋ ಬಳಸುತ್ತಿದ್ದೇನೆ. ಪ್ರತಿ ಜೀವಿಯನ್ನೂ ಬೇರೆ ಬೇರೆಯಾಗಿ ಪರದೆಯ ಮೇಲೆ ಓಡಿಸಿ ನೋಡಲು ಉರಿ ವಿಲೆನ್ಸ್ಕಿ 1999ರಲ್ಲಿ ಹೊರತಂದ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ. ಬ್ರೌಸರ್‌ನಲ್ಲೂ ಓಡುತ್ತದೆ.

ನಾನು ಜಾಸ್ತಿ ಆಡಿಸಿದ್ದು ಮಡಗಾಸ್ಕರ್‌ನ ಆರ್ಕಿಡ್ ಕಥೆಯನ್ನು. ಆ ಹೂವಿನ ಮಕರಂದ ಸುಮಾರು 30 ಸೆಂ.ಮೀ. ಉದ್ದದ ಕೊಳವೆಯ ತಳದಲ್ಲಿರುತ್ತದೆ. ಅಲ್ಲಿಗೆ ಮುಟ್ಟುವ ನಾಲಿಗೆಯ ಪತಂಗ ಇರಲೇಬೇಕು ಎಂದು ಡಾರ್ವಿನ್ 1862ರಲ್ಲೇ ಬರೆದಿದ್ದರು. ಅಂಥ ಪತಂಗಕ್ಕೆ ಕೀಟತಜ್ಞರಾದ ರೋಥ್‌ಶೈಲ್ಡ್ ಮತ್ತು ಜೋರ್ಡನ್ ಹೆಸರಿಟ್ಟಿದ್ದು 1903ರಲ್ಲಿ. ನಾಲಿಗೆ ಉದ್ದವಾದರೆ ಪತಂಗ ಮುಖ ತಾಗಿಸದೆ ಹೀರಿ ಹೋಗುತ್ತೆ, ಪರಾಗ ಅಂಟೋದಿಲ್ಲ. ಕೊಳವೆ ಉದ್ದವಾದರೆ ಪತಂಗದ ಹೊಟ್ಟೆ ತುಂಬೋದಿಲ್ಲ. ಹೀಗಾಗಿ ಎರಡೂ ಬೆಳೆಯುತ್ತಾ ಹೋಗುತ್ತವೆ.

ಇದನ್ನು ಬರೆಯೋಕೆ ಒಂದು ಪುಟ ಕೋಡ್ ಸಾಕು. ‘ಹ್ಯಾಚ್’ ಅನ್ನೋ ಆದೇಶ ಕೊಟ್ಟರೆ ಮರಿ ಹುಟ್ಟುತ್ತೆ. ಮರಿಯ ಉದ್ದದಲ್ಲಿ ಸಣ್ಣ ಏರುಪೇರು ತರೋಕೆ ‘ರಾಂಡಮ್-ನಾರ್ಮಲ್’ ಇದೆ. ಸೊನ್ನೆಯ ಹತ್ತಿರ ತಡೆ ಹಾಕಿಡಿ, ಇಲ್ಲದಿದ್ದರೆ ಮೈನಸ್ ಉದ್ದದ ನಾಲಿಗೆಗಳೂ ಹುಟ್ಟುತ್ತವೆ!

ನನಗೆ ಇಷ್ಟವಾದದ್ದು ಸ್ಲೈಡರ್‌ಗಳು. ಉದ್ದ ಬೆಳೆಸೋಕೆ ತಗಲುವ ಶಕ್ತಿಗೊಂದು ಸ್ಲೈಡರ್ ಇಟ್ಟಿದ್ದೇನೆ. ಅದು ಸೊನ್ನೆಯಲ್ಲಿದ್ದರೆ ಗ್ರಾಫಿನ ಎರಡು ಗೆರೆಗಳೂ ಒಂದರ ಹಿಂದೊಂದು ಏರುತ್ತಲೇ ಇರುತ್ತವೆ. ಸ್ವಲ್ಪ ಸರಿಸಿದರೆ ಒಂದು ಎತ್ತರಕ್ಕೆ ಬಂದು ಅಲ್ಲೇ ಓಲಾಡುತ್ತವೆ. ಮೋಟು ಕೊಳವೆಯ ಇನ್ನೊಂದು ಹೂವನ್ನು ಪಕ್ಕದಲ್ಲಿ ಬಿಟ್ಟರೆ ಪತಂಗಗಳು ಅತ್ತ ವಾಲುತ್ತವೆ, ಓಟ ಬೇಗ ನಿಲ್ಲುತ್ತದೆ. ಸರಾಸರಿ ಉದ್ದದ ಸಮೀಕರಣವೂ ಈ ಏರಿಳಿತ ತೋರಿಸುತ್ತೆ, ಸರಿ. ಆದರೆ ಇಲ್ಲಿ ಹಿಂದೆ ಬಿದ್ದ ಒಂದೇ ಒಂದು ಪತಂಗದ ಮೇಲೆ ರೈಟ್ ಕ್ಲಿಕ್ ಮಾಡಿ, ಅದರ ನಾಲಿಗೆ ಎಷ್ಟು, ಶಕ್ತಿ ಎಷ್ಟು ಉಳಿದಿದೆ ಅಂತ ನೋಡಬಹುದಲ್ವಾ?

ಜೀವಿಗಳ ಸಂಖ್ಯೆ ಹತ್ತಾರು ಸಾವಿರ ದಾಟಿದರೆ ತೆವಳುತ್ತೆ. ಪರದೆಯ ಚಿತ್ರವನ್ನು ಬದಲಿಸುತ್ತಾ ಇರುವ ‘ವ್ಯೂ ಅಪ್‌ಡೇಟ್ಸ್’ ತೆಗೆದರೆ ಎಷ್ಟೋ ವಾಸಿ. ಕಮ್ಮಿ ಜೀವಿಗಳಲ್ಲಿ ಓಡಿಸೋಣ ಅಂದರೆ ಸುಮ್ನೆ ಅದೃಷ್ಟದಿಂದ ಆದ ಬದಲಾವಣೆಯೂ ನಿಸರ್ಗದ ಆಯ್ಕೆಯಿಂದಲೇ ಆದಂತೆ ಕಾಣುತ್ತೆ. ಒಂದೇ ಓಟ ನೋಡಿ ನಂಬಬೇಡಿ. ನೆಟ್‌ಲೋಗೋದಲ್ಲೇ ಇರುವ ‘ಬಿಹೇವಿಯರ್‌ಸ್ಪೇಸ್’ ಅನ್ನೋ ಸಲಕರಣೆಯಲ್ಲಿ ಪ್ರತಿ ಸೆಟ್ಟಿಂಗನ್ನೂ ಹಲವು ಸಲ ಓಡಿಸಿ, ಫಲಿತಾಂಶವನ್ನು ಎಕ್ಸೆಲ್‌ಗೆ ತಗೊಳ್ಳಿ. ತಂದೆ-ತಾಯಿ ಇಬ್ಬರಿಂದಲೂ ಜೀನ್ ಬರಬೇಕು ಅಂದರೆ ಅದೆಲ್ಲ ನೀವೇ ಬರೆಯಬೇಕು. ಅಷ್ಟು ಆಳಕ್ಕೆ ಇಳಿಯುವವರಿಗೆ ಸ್ಲಿಮ್ ಅನ್ನೋ ಉಚಿತ ಸಾಫ್ಟ್‌ವೇರ್ ವಾಸಿ. ಎಂಎಸ್ಸಿ ಪ್ರಾಜೆಕ್ಟ್‌ಗೆ ಮಾತ್ರ ನಾನು ನೆಟ್‌ಲೋಗೋವನ್ನೇ ಹೇಳೋದು. 5ಕ್ಕೆ 4 ಅಂಕ.