ದೊಡ್ಡಪ್ಪನ ಊಟದ ಮೇಜಿಗೆ ಅರಗಿನ ಪಾಲಿಶ್

ಶೆಲ್ಲಾಕ್ ಚಕ್ಕೆ, ಅಂದರೆ ಮರಕ್ಕೆ ಪಾಲಿಶ್ ಮಾಡುವ ಅರಗಿನ ಚಕ್ಕೆ, ಬಳಸಿ ಎರಡು ತಿಂಗಳಾಯಿತು. ಯಾವ ಮೇಜಿಗೆ ಅಂತ ಮೊದಲು ಹೇಳುತ್ತೇನೆ.

ದೊಡ್ಡಪ್ಪನ ಮನೆಯಿಂದ ಬಂದ ಊಟದ ಮೇಜು. ಎರಡೂ ತುದಿ ಹಿಡಿದು ಎಳೆದರೆ ನಡುವೆ ಬಾಯಿ ಬಿಡುತ್ತದೆ. ಅಲ್ಲಿ ಎರಡು ಹಲಗೆ ಕೂರಿಸಿದರೆ ಆರು ಜನರ ಮೇಜು ಹತ್ತು ಜನಕ್ಕಾಗುತ್ತದೆ. ಕೂರಿಸಿ ನೋಡಿದಾಗ ಮಾತ್ರ ಬೇಜಾರಾಯಿತು. ಕಿಟಕಿ ಪಕ್ಕ ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಮೇಜು ಮಾಸಿಹೋಗಿತ್ತು. ಬಟ್ಟೆ ಸುತ್ತಿ ಬೀರುವಿನ ಹಿಂದೆ ಇಟ್ಟಿದ್ದ ಹಲಗೆಗಳು ಕಡುಗೆಂಪು. ಎರಡೂ ಒಂದೇ ಮೇಜಿನವು ಅಂದರೆ ಯಾರೂ ನಂಬುತ್ತಿರಲಿಲ್ಲ.

ಕೇಳಿದವರೆಲ್ಲ ಪೂರ್ತಿ ಉಜ್ಜಿಸಿ ಹೊಸದಾಗಿ ವಾರ್ನಿಶ್ ಹೊಡೆಸಿ ಅಂದರು. ನನಗೆ ಮನಸ್ಸಾಗಲಿಲ್ಲ. ಮೇಲಿರುವುದು ತೆಳು ವೆನೀರ್, ಅಂದರೆ ಅಂಟಿಸಿದ ಮರದ ಹಾಳೆ. ಮೆಷಿನ್ ಇಟ್ಟರೆ ನೋಡನೋಡುತ್ತಲೇ ಸವೆದು ಕೆಳಗಿನ ಮರ ಕಾಣುತ್ತದೆ, ಆಮೇಲೆ ಏನೂ ಮಾಡಲಾಗದು. ಕಾಲಿನ ಒಳಬದಿಗೆ ಒಂದು ಹನಿ ಸ್ಪಿರಿಟ್ ಬಿಟ್ಟು ಬೆರಳಿಟ್ಟು ನೋಡಿದೆ. ಅಂಟಂಟಾಯಿತು. ಶೆಲ್ಲಾಕ್ ಸ್ಪಿರಿಟ್ಟಿಗೆ ಕರಗುತ್ತದೆ, ಅಂದರೆ ಹಳೆ ಪಾಲಿಶ್ ಅದರದೇ. ಹಾಗಾಗಿ ಅದನ್ನೇ ತರಿಸಿದೆ, ಜೇನಿನ ಬಣ್ಣದ ಚಕ್ಕೆ.

100 ಗ್ರಾಂ ಚಕ್ಕೆಗೆ 500 ಮಿಲಿ ಸ್ಪಿರಿಟ್. ಗಾಜಿನ ಬಾಟಲಿಯಲ್ಲಿ ಹಾಕಿ ಆಗಾಗ ಅಲುಗಾಡಿಸುತ್ತಿದ್ದರೆ ಮರುದಿನಕ್ಕೆ ಕರಗಿರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲೆಲ್ಲೂ ಬೆಂಕಿ ಬೇಡ.

ನನಗೆ ತುಂಬಾ ಹಿಡಿಸಿದ್ದು ಒಂದು ಗುಣ. ಹೊಸ ಕೋಟು ಹಳೆ ಪಾಲಿಶನ್ನು ಸ್ವಲ್ಪ ಕರಗಿಸಿ ಅದರೊಳಗೇ ಸೇರಿಕೊಳ್ಳುತ್ತದೆ. ಸಿಪ್ಪೆ ಏಳುವ ಮಾತೇ ಇಲ್ಲ. ಹತ್ತಿ ಉಂಡೆಗೆ ಹಳೆ ಪಂಚೆ ಬಟ್ಟೆ ಸುತ್ತಿ, ಅದ್ದಿ, ಹಿಂಡಿ, ಉದ್ದಕ್ಕೆ ಒಂದೇ ಸಲ ಎಳೆದೆ. ಎಳೆದ ಹಾದಿಯಲ್ಲೇ ಮಾಸಿದ ಮರ ಕೆಂಪೇರುತ್ತಾ ಬಂತು, ಮರದ ಗೆರೆಗಳು ಒಂದೊಂದಾಗಿ ಎದ್ದವು. ಸುಮ್ನೆ ನೋಡುತ್ತಾ ನಿಂತುಬಿಟ್ಟೆ. ಹಲಗೆಗಳಿಗೆ ಎರಡು ಕೋಟು, ಮೇಜಿಗೆ ಏಳು. ನಾಲ್ಕರ ನಂತರ ಪ್ರತಿ ಕೋಟಿಗೂ ಹಲಗೆಯನ್ನು ಪಕ್ಕದಲ್ಲಿಟ್ಟು ಬಣ್ಣ ಹೋಲಿಸಿದೆ. ಬಣ್ಣ ಪೂರ್ತಿ ಒಂದಾಗಿಲ್ಲ. ಹಗಲು ಬೆಳಕಲ್ಲಿ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ, ಊಟಕ್ಕೆ ಕೂತವರಿಗೆ ತಿಳಿಯುವುದಿಲ್ಲ. ಲೋಟ ಇಟ್ಟ ಬಿಳಿ ಉಂಗುರಗಳಂತೂ ಸ್ಪಿರಿಟ್ ತಾಗಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದ್ದಕ್ಕೇ ಹೋದವು.

ಒಂದು ಕೋಟು ಮಳೆ ದಿನ ಹಚ್ಚಿ ತಪ್ಪು ಮಾಡಿದೆ. ಒಣಗುವಾಗ ಹಾಲಿನಂತೆ ಬಿಳಿಚಿಕೊಂಡಿತು. ಗಾಳಿಯ ತೇವ ಒಳಗೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಬಿಸಿಲು ಬಂದ ದಿನ ಬರೀ ಸ್ಪಿರಿಟ್ ಸವರಿದೆ, ತಿಳಿಯಾಯಿತು. ಒಣ ದಿನಗಳಲ್ಲಿ ಅರ್ಧ ಗಂಟೆಗೆಲ್ಲ ಮುಟ್ಟುವಷ್ಟು ಒಣಗುತ್ತದೆ.

ಮೊದಲು ಮೇಜು ಎಳೆಯಲು ಇಬ್ಬರು ಬೇಕಾಗುತ್ತಿತ್ತು, ಅದನ್ನು ಸರಿಮಾಡಲು ಈ ಚಕ್ಕೆ ಬೇಡ. ಅಡಿಯ ಜಾರುಪಟ್ಟಿಗಳಲ್ಲಿ ಯಾರೋ ಹಿಂದೆ ಹಾಕಿದ್ದ ಎಣ್ಣೆ ದೂಳು ಕುಡಿದು ಕರೀ ಜಿಡ್ಡಾಗಿತ್ತು. ಕಡ್ಡಿಯಿಂದ ಕೆರೆದು, ಟರ್ಪೆಂಟೈನ್‌ನಲ್ಲಿ ಒರೆಸಿ, ಮೇಣದಬತ್ತಿ ಉಜ್ಜಿದೆ. ಈಗ ಒಂದೇ ಕೈಯಲ್ಲಿ ಬರುತ್ತದೆ. ಆ ಕೆಲಸ ಮಾಡುವಾಗಲೇ ಹಲಗೆಗಳ ಅಡಿಯಲ್ಲಿ ಪೆನ್ಸಿಲ್ಲಿನ 1, 2 ಕಂಡಿತು. ಮಾಡಿದವರು ಯಾವುದು ಮೊದಲು ಕೂರಬೇಕು ಅಂತ ಬರೆದಿಟ್ಟಿದ್ದಾರೆ. ಅದೇ ಕ್ರಮದಲ್ಲಿ ಕೂರಿಸಿದ ಮೇಲೆ ಸಂದಿ ಪೂರ್ತಿ ಮುಚ್ಚಿತು. ಆ ಅಂಕಿಗಳನ್ನು ಒರೆಸಲಿಲ್ಲ.

ಕೊರತೆಯೂ ಇದೆ. ಬಿಸಿ ಪಾತ್ರೆ ನೇರ ಇಟ್ಟರೆ ಕಲೆ ಖಂಡಿತ, ಸ್ಪಿರಿಟ್ ಚೆಲ್ಲಿದರೂ ಅಷ್ಟೇ. ಚಿಕ್ಕ ಮಕ್ಕಳ ಮನೆಯಲ್ಲಿ ದಿನಾ ಜಾಸ್ತಿ ಬಳಕೆಯಿದ್ದರೆ ಯೋಚಿಸಿ. ಕರಗಿಸಿದ್ದನ್ನು ತಿಂಗಳುಗಟ್ಟಲೆ ಇಟ್ಟರೆ ಸರಿಯಾಗಿ ಒಣಗದು, ಬೇಕಾದಷ್ಟೇ ಕರಗಿಸಿಕೊಳ್ಳಿ. ಆದರೆ ಹಳೆ ಪಾಲಿಶ್ ಶೆಲ್ಲಾಕೇ ಆಗಿದ್ದರೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. ಈ ಚಕ್ಕೆಗೆ ಐದಕ್ಕೆ ನಾಲ್ಕೂವರೆ ಅಂಕ. ಉಳಿದ ಚಕ್ಕೆಯನ್ನು ಡಬ್ಬಿಯಲ್ಲಿ ತಂಪಾದ ಕಡೆ ಇಟ್ಟಿದ್ದೇನೆ, ಕುರ್ಚಿಗಳು ಇನ್ನೂ ಬಾಕಿ ಇವೆ.