‘ಅನ್‌ಮಾಸ್ಕಿಂಗ್ ಆಟಿಸಂ’: ಪೆನ್ನು ಹಿಡಿದು ಓದಬೇಕಾದ ಪುಸ್ತಕ

ಡೆವನ್ ಪ್ರೈಸ್ ಅವರ ‘ಅನ್‌ಮಾಸ್ಕಿಂಗ್ ಆಟಿಸಂ’ 2022ರಲ್ಲಿ ಅಮೆರಿಕದಲ್ಲಿ ಹೊರಬಂತು. ಪ್ರೈಸ್ ಸಾಮಾಜಿಕ ಮನೋವಿಜ್ಞಾನಿ, ಸ್ವತಃ ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬೆಳಕನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ) ಇರುವವರು. ಇದು ಮಕ್ಕಳನ್ನು ಬೆಳೆಸುವ ಕೈಪಿಡಿಯಲ್ಲ. ಶಾಲೆ, ಕಾಲೇಜು, ಕೆಲಸ ಎಲ್ಲವನ್ನೂ ಹೇಗೋ ನಿಭಾಯಿಸಿಕೊಂಡು ಬಂದು, ದೊಡ್ಡವರಾದ ಮೇಲೆ ‘ನನಗಿರುವುದು ಆಟಿಸಂ’ ಎಂದು ತಿಳಿದವರಿಗೆ, ಅಥವಾ ಆ ಅನುಮಾನ ಇರುವವರಿಗೆ ಬರೆದದ್ದು.

ಆಟಿಸಂ ಇರುವವರು ತೊಡುವ ಮುಖವಾಡವನ್ನು, ಅಂದರೆ ಎಲ್ಲರಂತೆ ಕಾಣಲು ಮಾಡುವ ನಟನೆಯನ್ನು, ಪುಸ್ತಕ ಎರಡು ಬಗೆಯಾಗಿ ನೋಡುತ್ತದೆ. ಒಂದು ಬಚ್ಚಿಡುವುದು: ಕೈ ಆಡಿಸಬೇಕೆನಿಸಿದರೂ ತಡೆಹಿಡಿಯುವುದು, ಸದ್ದಿಗೆ ತಲೆ ಸಿಡಿಯುತ್ತಿದ್ದರೂ ನಗುನಗುತ್ತಾ ಕೂರುವುದು. ಇನ್ನೊಂದು ಸರಿದೂಗಿಸುವುದು: ಫೋನ್ ಮಾಡುವ ಮುಂಚೆ ಆಡಬೇಕಾದ ಮಾತನ್ನೆಲ್ಲ ಬರೆದಿಟ್ಟುಕೊಳ್ಳುವುದು. ಈ ವಿಂಗಡಣೆ ತುಂಬಾ ಉಪಯುಕ್ತ. ಸರಿದೂಗಿಸುವ ಉಪಾಯಗಳಲ್ಲಿ ಕೆಲವನ್ನು ಬಿಡಬೇಕಾಗಿಲ್ಲ. ದಣಿವು ತರುವವನ್ನು ಮಾತ್ರ ಗುರುತಿಸಿದರೆ ಸಾಕು.

ನಾಲ್ಕನೇ ಅಧ್ಯಾಯ ಮುಖವಾಡಕ್ಕೆ ತೆರುವ ಬೆಲೆಯ ಬಗ್ಗೆ. ಕುಡಿತ, ಊಟದ ತೊಂದರೆಗಳು ಅಲ್ಲಿ ಬರುತ್ತವೆ. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಅದನ್ನು ಬದಿಗಿಟ್ಟು ಐದಕ್ಕೆ ಹೋಗಿ. ಓದಿಗೆ ಏನೂ ಅಡ್ಡಿಯಾಗದು.

ಪುಸ್ತಕದ ನಿಜವಾದ ಬಲ ಆಟಿಸಂ ಕೋಚ್ ಹೆದರ್ ಮಾರ್ಗನ್ ರೂಪಿಸಿದ ಬರವಣಿಗೆಯ ಅಭ್ಯಾಸದಲ್ಲಿದೆ. ಬದುಕಿನ ಬೇರೆ ಬೇರೆ ಕಾಲಘಟ್ಟಗಳಿಂದ, ‘ಆಗ ನಾನು ಪೂರ್ತಿ ಜೀವಂತವಾಗಿದ್ದೆ’ ಎನಿಸುವ 5 ಗಳಿಗೆಗಳನ್ನು ಆರಿಸಿ ವಿವರವಾಗಿ ಬರೆಯಬೇಕು. ಪ್ರತಿಯೊಂದೂ ಯಾಕೆ ವಿಶೇಷ ಎಂದು ಹೇಳುವ ಪದಗಳನ್ನು ಹೆಕ್ಕಬೇಕು. ಒಂದಕ್ಕೊಂದು ಹತ್ತಿರದ ಪದಗಳನ್ನು ಗುಂಪು ಮಾಡಿದರೆ ಕೊನೆಗೆ ಕೆಲವೇ ಮೌಲ್ಯಗಳು ಉಳಿಯುತ್ತವೆ. ದಿನಚರಿಯಲ್ಲಿ ಯಾವುದು ಇರಬೇಕು, ಯಾವುದು ಬೇಡ ಎಂದು ಅವನ್ನು ಮುಂದಿಟ್ಟುಕೊಂಡು ತೀರ್ಮಾನಿಸುವುದು.

ಇಲ್ಲಿ ಎಡವುವುದು ಸುಲಭ. ರ‍್ಯಾಂಕ್ ಬಂದದ್ದು, ಕೆಲಸ ಸಿಕ್ಕಿದ್ದು, ಮನೆಯವರು ಹೆಮ್ಮೆಪಟ್ಟದ್ದು, ಇಂಥವೇ ಪಟ್ಟಿಗೆ ಬಂದುಬಿಡುತ್ತವೆ. ಆಗ ಕೊನೆಯಲ್ಲಿ ಸಿಗುವುದು ಮುಖವಾಡದ ಮೌಲ್ಯಗಳೇ. ಹೆಕ್ಕಿದ ಪದಗಳಲ್ಲಿ ‘ಮೆಚ್ಚುಗೆ’, ‘ಗೌರವ’ ಮತ್ತೆ ಮತ್ತೆ ಬಂದರೆ ಆ ಗಳಿಗೆಯನ್ನು ಬಿಟ್ಟು, ಯಾರೂ ನೋಡದಿದ್ದಾಗಿನ ಒಂದನ್ನು ಹುಡುಕಿ. ಇನ್ನೊಂದು ತೊಡಕು, ಭಾವನೆಗೆ ಹೆಸರೇ ಸಿಗದಿರುವುದು. ಅಲೆಕ್ಸಿಥೈಮಿಯಾ ಎನ್ನುವ ಈ ಸ್ಥಿತಿ ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗಿದೆ. ‘ಹೇಗನಿಸಿತು’ ಎಂಬ ಪ್ರಶ್ನೆ ಅಂಥವರಿಗೆ ಗೋಡೆಯಿದ್ದಂತೆ. ಅದರ ಬದಲು ಬೆಳಕು ಹೇಗಿತ್ತು, ಕೈ ಏನು ಮಾಡುತ್ತಿತ್ತು, ಜೊತೆಗೆ ಯಾರಿದ್ದರು, ಹಸಿವು ಮರೆತಿತ್ತೇ ಎಂದು ಬರೆದುಕೊಳ್ಳಿ. ಪದಗಳು ಅಲ್ಲಿಂದಲೇ ಸಿಗುತ್ತವೆ. ಒಂದೇ ಸಲಕ್ಕೆ ಕೂತು ಮುಗಿಸಲು ಹೋಗಬೇಡಿ.

ಆರನೇ ಅಧ್ಯಾಯ ನೆಮ್ಮದಿಯ ಬದುಕನ್ನು ಕಟ್ಟಿಕೊಳ್ಳುವುದರ ಬಗ್ಗೆ. ಮನೆ ಬೇರೆಯವರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂಬ ಹಟ ಬಿಟ್ಟು, ಇರುವವರಿಗೆ ಅನುಕೂಲವಾಗುವಂತೆ ಜೋಡಿಸಿಕೊಳ್ಳಿ ಎನ್ನುವ, ಮನೆ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಾ ರೋಸ್ ಅವರ ವಿಚಾರ ಇಲ್ಲಿದೆ. ಕಣ್ಣಿಗೆ ಬೀಳದ ವಸ್ತು ಮರೆತೇಹೋಗುವವರು ಡಬ್ಬಿಗಳನ್ನು ಪಾರದರ್ಶಕವಾಗಿಸಿಕೊಂಡರೂ ಸಾಕು, ದಿನಕ್ಕೆ ಹತ್ತು ಸಲ ತಮ್ಮನ್ನೇ ಬೈದುಕೊಳ್ಳುವುದು ತಪ್ಪುತ್ತದೆ. ಸ್ವಸ್ವೀಕಾರ ಎಂದರೆ ಬಹಳ ಸಲ ಇಷ್ಟೇ, ಮತ್ತು ಇದು ಸಣ್ಣದಲ್ಲ.

ನಮ್ಮ ಓದುಗರು ಕೆಲವು ಕಡೆ ಪುಸ್ತಕವನ್ನು ತಿದ್ದಿಕೊಂಡು ಓದಬೇಕು. ಮುಖವಾಡ ಕಳಚುವುದು ಎಲ್ಲರಿಗೂ ಒಂದೇ ಥರ ಸುರಕ್ಷಿತವಲ್ಲ, ಕಪ್ಪು ಜನರಿಗೆ ಅಪಾಯ ಹೆಚ್ಚು ಎಂದು ಪ್ರೈಸ್ ಎಚ್ಚರಿಸುತ್ತಾರೆ. ಕೂಡುಕುಟುಂಬ, ಮದುವೆ ಮಾತುಕತೆ, ಕಾಯಂ ಆಗದ ನೌಕರಿ, ಇವು ಅವರ ಲೆಕ್ಕದಲ್ಲಿಲ್ಲ. ಹಾಗಾಗಿ ಒಂದು ಜಾಗ, ಒಬ್ಬ ನಂಬಿಕಸ್ಥರು, ಒಂದು ಅಭ್ಯಾಸ, ಇಷ್ಟರಿಂದ ಶುರುಮಾಡಿ. ಕಲ್ಯಾಣ ಮಂಟಪದಲ್ಲಿ ಇಯರ್‌ಪ್ಲಗ್ ಹಾಕಿಕೊಳ್ಳಲು ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ಆಫೀಸಿನಲ್ಲಿ ಎಲ್ಲವನ್ನೂ ಒಮ್ಮೆಲೇ ಹೇಳಿಬಿಟ್ಟರೆ ಹಿಂದಕ್ಕೆ ತೆಗೆದುಕೊಳ್ಳಲಾಗದು.

ತಮ್ಮನ್ನು ತಾವೇ ಗುರುತಿಸಿಕೊಳ್ಳುವುದನ್ನು ಪ್ರೈಸ್ ಪೂರ್ತಿ ಒಪ್ಪುತ್ತಾರೆ. ಮನಸ್ಸಿನ ಸಮಾಧಾನಕ್ಕೆ ಅದು ಸಾಕು, ಸರ್ಕಾರಿ ಸೌಲಭ್ಯಕ್ಕೆ ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಆಟಿಸಂ ಅಳೆಯುವ ‘ಇಸಾ’ (ISAA) ಎಂಬ ಭಾರತೀಯ ಮಾಪನವಿದೆ. 40 ಅಂಶಗಳು, ಪ್ರತಿಯೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಮಾಪನದ ಒತ್ತು ಹೊರಗೆ ಕಾಣುವ ವರ್ತನೆಯ ಮೇಲೆ. ಮುಖವಾಡ ಗಟ್ಟಿಯಾಗಿರುವವರು ಬಾಲ್ಯದ ವಿವರ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಮಾತು ಬಾರದವರ, ದಿನವಿಡೀ ಆರೈಕೆ ಬೇಕಾದವರ ಬದುಕಿಗೆ ಇಲ್ಲಿ ಜಾಗ ಕಡಿಮೆ. ಅಂಥ ಮಕ್ಕಳ ತಂದೆತಾಯಿ ಕೊಂಡರೆ ನಿರಾಸೆಯಾಗಬಹುದು. ಉಳಿದವರು ಆಡಿಯೋಬುಕ್ ಬದಲು ಅಚ್ಚಿನ ಪ್ರತಿಯನ್ನೇ ಕೊಳ್ಳಿ, ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ: ಅಭ್ಯಾಸಗಳು ಪುಸ್ತಕದುದ್ದಕ್ಕೂ ಚದುರಿರುವುದರಿಂದ ಹಿಂದೆ ಬರೆದದ್ದನ್ನು ಆಗಾಗ ತಿರುವಿ ನೋಡಬೇಕಾಗುತ್ತದೆ.