ಲಿನಕ್ಸ್‌ನಲ್ಲಿ ಹಾರ್ಡ್‌ವೇರ್ ತೋರಿಸುವ ಕಮಾಂಡ್‌ಗಳು: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಳೆ ಕಂಪ್ಯೂಟರ್ ತಂದು, ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ, ಓದುವ ಮಕ್ಕಳಿಗೆ ಕೊಡುತ್ತೇನೆ. ಹಾಗಾಗಿ ಯಂತ್ರದೊಳಗೆ ಏನೇನಿದೆ ಎಂದು ತೋರಿಸುವ ಈ ಕಮಾಂಡ್‌ಗಳು ನನಗೆ ವಾರಕ್ಕೊಮ್ಮೆಯಾದರೂ ಬೇಕು.

ಮೊದಲ ವರ್ಷ ಡಿಎಂಐಡಿಕೋಡ್ ಎಂಬ ಕಮಾಂಡ್ ಒಂದನ್ನೇ ನಂಬಿದ್ದೆ. ಒಮ್ಮೆ ಇಂಟೆಲ್ ಐ5-4570 ಪ್ರೊಸೆಸರ್ ಇರುವ ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್ ತಂದೆ. ಕಂಪನಿ ಹೆಸರು, ಸೀರಿಯಲ್ ನಂಬರ್ ಇರಬೇಕಾದ ಕಡೆಯೆಲ್ಲ 'ಟು ಬಿ ಫಿಲ್ಡ್ ಬೈ ಓ.ಇ.ಎಂ.' (ಅಂದರೆ ತಯಾರಕರು ತುಂಬಬೇಕು) ಎಂದು ಬಂತು. ರ‍್ಯಾಮ್ ಮಾಡಿದವರು ಯಾರೋ ಗೊತ್ತಿಲ್ಲ. ಪ್ರೊಸೆಸರ್ ವಿವರ ಇರುವ ಪ್ರಾಕ್ ಸಿಪಿಯುಇನ್ಫೋ ಫೈಲ್ ತೆರೆದರೆ ವೇಗ ಬರೀ 800 ಮೆಗಾಹರ್ಟ್ಸ್! 3.2 ಗಿಗಾಹರ್ಟ್ಸ್ ಎಂದು ಹೇಳಿ ಕೊಟ್ಟಿದ್ದರು. ಮೋಸ ಅಂತಲೇ ಅಂಗಡಿಗೆ ವಾಪಸ್ ಹೋದೆ. "ಬಿಚ್ಚಿ ತೋರಿಸ್ತೀನಿ ನೋಡಿ ಸಾರ್" ಎಂದು ಅಂಗಡಿಯವರು ಪ್ರೊಸೆಸರ್ ತಂಪಾಗಿಡುವ ಹೀಟ್‌ಸಿಂಕ್ ತೆಗೆದು, ಹಳೆ ಪೇಸ್ಟ್ ಒರೆಸಿದರು. ಚಿಪ್ ಮೇಲೆ ಐ5-4570 ಎಂದೇ ಇತ್ತು. ಅವರ ಮೇಲೆ ರೇಗಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಆಮೇಲೆ ಕೂತು ಓದಿದಾಗ ವಿಷಯ ತಿಳಿಯಿತು. ಡಿಎಂಐಡಿಕೋಡ್ ಬಿಡಿಭಾಗಗಳನ್ನು ತಾನಾಗಿ ಪರೀಕ್ಷೆ ಮಾಡುವುದಿಲ್ಲ. ಮದರ್‌ಬೋರ್ಡ್‌ನ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಕೊಡುವ ಪಟ್ಟಿಯನ್ನು ಓದಿ ಹೇಳುತ್ತದೆ, ಅಷ್ಟೇ. ಬೋರ್ಡ್ ಮಾಡಿದವರು ಹೆಸರು ತುಂಬದೇ ಬಿಟ್ಟರೆ ಅದೇನು ಮಾಡೀತು, ಅಲ್ವಾ? 800 ಎಂಬುದು ಆ ಕ್ಷಣದ ವೇಗ. ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಪ್ರೊಸೆಸರ್ ತಾನೇ ನಿಧಾನವಾಗುತ್ತದೆ.

ಈಗ ನಾನು ಮೊದಲು ನೋಡುವುದು ಪ್ರೊಸೆಸರ್ ವಿವರ ಕೊಡುವ ಎಲ್‌ಎಸ್‌ಸಿಪಿಯು ಕಮಾಂಡ್. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಅದು ತೋರಿಸುವ ಹೆಸರು ಚಿಪ್‌ನ ಒಳಗಿನಿಂದಲೇ ಬರುತ್ತದೆ. ಗರಿಷ್ಠ ವೇಗವನ್ನೂ ಬೇರೆ ಸಾಲಿನಲ್ಲಿ ಕೊಡುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಸಿಪಿಯುಇನ್ಫೋ ಬರೀ ಡಿ08 ಎಂಬ ಸಂಕೇತ ಕೊಟ್ಟರೆ, ಎಲ್‌ಎಸ್‌ಸಿಪಿಯು ಅದನ್ನು ಕಾರ್ಟೆಕ್ಸ್-ಎ72 ಎಂದು ಪ್ರೊಸೆಸರ್ ಹೆಸರನ್ನೇ ಬಿಡಿಸಿ ಹೇಳುತ್ತದೆ. ನನಗೆ ತುಂಬಾ ಇಷ್ಟವಾದ ಗುಣ ಇದು.

ಯಂತ್ರದ ವಿವರವನ್ನು ಲೋಗೊ ಜೊತೆ ತೋರಿಸುವ ನಿಯೋಫೆಚ್ ನೋಡಲು ಚೆಂದ. ಆದರೆ 2024ರ ಏಪ್ರಿಲ್‌ನಲ್ಲಿ ಅದರ ಪ್ರಾಜೆಕ್ಟನ್ನು ಅಧಿಕೃತವಾಗಿ ಮುಚ್ಚಿದರು. ಹೊಸ ಯಂತ್ರಗಳಿಗೆ ಅದೇ ಕೆಲಸ ಮಾಡುವ ಫಾಸ್ಟ್‌ಫೆಚ್ ಹಾಕಿಕೊಳ್ಳಿ. ಜೋಡಿಸಿದ ಕಾರ್ಡ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಹೊಸ ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಬದಲು ನಂಬರ್ ತೋರಿಸಿದರೆ ಕಾರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅಪ್‌ಡೇಟ್-ಪಿಸಿಐಐಡಿಎಸ್ ಓಡಿಸಿದರೆ ಹೆಸರುಗಳ ಪಟ್ಟಿ ಹೊಸದಾಗುತ್ತದೆ.

ಮುಂದೆ ಸುಡೊ (ರೂಟ್, ಅಂದರೆ ಅಡ್ಮಿನ್ ಅನುಮತಿ ಕೊಡುವ ಪದ) ಹಾಕದೆ ಡಿಎಂಐಡಿಕೋಡ್ ಓಡಿಸಿ 'ಏನೂ ಬರ್ತಿಲ್ಲ' ಎನ್ನುವವರು ಜಾಸ್ತಿ. ರೂಟ್ ಅನುಮತಿ ಇಲ್ಲದೆ ಅದಕ್ಕೆ ಆ ಪಟ್ಟಿ ಓದಲು ಆಗುವುದೇ ಇಲ್ಲ. ರ‍್ಯಾಮ್‌ಗೆ ಎಷ್ಟು ಸ್ಲಾಟ್ ಇವೆ, ಯಾವುದು ಖಾಲಿ ಎಂದು ನೋಡಲು ನಾನು ಈಗಲೂ ಅದನ್ನೇ ಬಳಸುತ್ತೇನೆ. ಇನ್‌ಸ್ಟಾಲ್ ಮಾಡದೆಯೇ ಓಡುವ ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವ್ ಜೇಬಿನಲ್ಲೇ ಇರುತ್ತದೆ. ಅಂಗಡಿಯಲ್ಲೇ ಬೂಟ್ ಮಾಡಿ, ಎಲ್‌ಎಸ್‌ಸಿಪಿಯು, ಡಿಎಂಐಡಿಕೋಡ್ ಎರಡೂ ಕಮಾಂಡ್ ಓಡಿಸಿ, ಆಮೇಲೆ ದುಡ್ಡು ಕೊಡುತ್ತೇನೆ.